ಲೇಬಲ್ ಕೆಲಸವನ್ನು ಡಿಸೈನರ್‌ಗೆ ಕೊಡುವಾಗ

ಕೊಳ್ಳುವವರು ಯಾರು, ಎಲ್ಲಿ ಮಾರುತ್ತೀರಿ, ಮೊದಲು ಕಣ್ಣಿಗೆ ಬೀಳಬೇಕಾದದ್ದು ಯಾವುದು ಎಂಬುದನ್ನು ಒಂದೇ ಪುಟದಲ್ಲಿ ಬರೆದುಕೊಡಿ. ಲೇಬಲ್‌ನ ಪೂರ್ತಿ ಪಠ್ಯವನ್ನು ತಿದ್ದಿಯೇ ಕಳಿಸಿ. ವಿನ್ಯಾಸ ಮುಗಿದ ಮೇಲೆ ನಾಲ್ಕು ಸಾಲು ಸೇರಿಸಿದರೆ ಇಡೀ ಜೋಡಣೆ ಕೆಡುತ್ತದೆ.

ಅಳತೆಯನ್ನು ಮುದ್ರಣಾಲಯದಿಂದಲೇ ಪಡೆಯಿರಿ. ಸುತ್ತಲೂ ಸಾಮಾನ್ಯವಾಗಿ 3 ಮಿ.ಮೀ. ಬ್ಲೀಡ್ (ಕತ್ತರಿಸುವ ಗೆರೆಯಾಚೆಗೂ ಚಾಚಿದ ಹಿನ್ನೆಲೆ) ಬೇಕು, ಇಲ್ಲದಿದ್ದರೆ ಕತ್ತರಿಸುವಾಗ ಅಂಚಿನಲ್ಲಿ ಬಿಳಿ ಗೆರೆ ಉಳಿಯಬಹುದು. ಫೋಟೊ ಅಚ್ಚಾಗುವ ಗಾತ್ರದಲ್ಲೇ 300 ಡಿಪಿಐ (ಅಂಗುಲಕ್ಕೆ 300 ಚುಕ್ಕಿ) ಇರಲಿ. ಕನ್ನಡ ಅಕ್ಷರಗಳನ್ನು ಔಟ್‌ಲೈನ್ ಮಾಡಿಸಿ, ಅಂದರೆ ಫಾಂಟ್ ಬೇಡದ ಆಕೃತಿಗಳಾಗಿ ಬದಲಿಸಲು ಹೇಳಿ. ಇಲ್ಲದಿದ್ದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಒತ್ತಕ್ಷರಗಳು ಚದುರಿಹೋಗಬಹುದು. ಪರದೆಯ ಹೊಳೆಯುವ ಬಣ್ಣಗಳು ಸಿಎಂವೈಕೆ (ನಾಲ್ಕು ಶಾಯಿಗಳ) ಅಚ್ಚಿನಲ್ಲಿ ಮಂಕಾಗುತ್ತವೆ, ಆದ್ದರಿಂದ ಮಾದರಿ ಪ್ರತಿಯನ್ನು ಕೈಯಲ್ಲಿ ಹಿಡಿದು ನೋಡದೆ ಖಂಡಿತ ಒಪ್ಪಿಗೆ ಕೊಡಬೇಡಿ.

ತಿದ್ದುಪಡಿ ಎಷ್ಟು ಸುತ್ತು, ಮೂಲ ಫೈಲ್ ಮತ್ತು ಹಕ್ಕು ಯಾರದು ಎಂಬುದು ಮುಂಗಡ ಕೊಡುವ ಮುನ್ನವೇ ಬರಹದಲ್ಲಿರಲಿ. ಲೋಗೊವನ್ನು ವೆಕ್ಟರ್ ಫೈಲಿನಲ್ಲೇ (ಎಷ್ಟು ದೊಡ್ಡದು ಮಾಡಿದರೂ ಮಸುಕಾಗದ ಬಗೆ) ಕೇಳಿ ಪಡೆಯಿರಿ.