ಟೆಕ್ಟ್ರಾನಿಕ್ಸ್ 465: ಮೊದಲು ವೋಲ್ಟೇಜ್ ಅಳೆಯಿರಿ, ಆಮೇಲೆ ಸ್ಕ್ರೂ ಮುಟ್ಟಿ

ಟೆಕ್ಟ್ರಾನಿಕ್ಸ್ 465 ಕೈಗೆ ಸಿಕ್ಕರೆ ಬಿಡಬೇಡಿ. 1972ರಲ್ಲಿ ಅಮೆರಿಕದ ಆರೆಗನ್ ರಾಜ್ಯದಿಂದ ಹೊರಬಂದ ಈ 100 ಮೆಗಾಹರ್ಟ್ಸ್‌ನ ಎರಡು ಚಾನೆಲ್ ಆಸಿಲೋಸ್ಕೋಪ್, ಅಂದರೆ ವಿದ್ಯುತ್ ಸಿಗ್ನಲ್ಲನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಉಪಕರಣವನ್ನು, ರಿಪೇರಿ ಮಾಡುವವನನ್ನು ನೆನೆದೇ ಕಟ್ಟಿದ್ದಾರೆ. ಟ್ರಾನ್ಸಿಸ್ಟರುಗಳು ಬಹುಪಾಲು ಸಾಕೆಟ್‌ಗಳಲ್ಲಿ ಕುಳಿತಿವೆ. ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಪೂರ್ತಿ ಸರ್ಕ್ಯೂಟ್ ಇದೆ, ಅದು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಇಳಿಸಿಕೊಳ್ಳದೆ ಮುಚ್ಚಳ ಬಿಚ್ಚಬೇಡಿ.

ನನ್ನ ಮೇಜಿಗೆ ಬರುವ ಹಳೆಯ ಸ್ಕೋಪ್‌ಗಳಲ್ಲಿ ತಾನಾಗಿ ಕೆಟ್ಟವು ಕಡಿಮೆ, ಕೆಡಿಸಿದವು ಹೆಚ್ಚು. ಪರದೆಯ ಗೆರೆ ತುಸು ಅತ್ತಿತ್ತ ಸರಿಯಿತೆಂದು ಯಾರೋ ಒಳಗಿನ ಟ್ರಿಮರ್‌ಗಳನ್ನೆಲ್ಲ (ಹೊಂದಾಣಿಕೆಯ ಸ್ಕ್ರೂಗಳನ್ನೆಲ್ಲ) ತಿರುವಿರುತ್ತಾರೆ. ಮೂಲ ದೋಷ ಹತ್ತು ರೂಪಾಯಿಯ ಕೆಪಾಸಿಟರ್‌ನದ್ದು. ಅದರ ಮೇಲೆ ಈಗ ಇಪ್ಪತ್ತು ಹೊಂದಾಣಿಕೆಗಳ ಹೊರೆ.

ಪ್ಲಗ್ ಹಾಕುವ ಮುನ್ನ ಹಿಂಬದಿಯ ವೋಲ್ಟೇಜ್ ಸ್ವಿಚ್ ನೋಡಿ. ಅಮೆರಿಕದಿಂದ ಬಂದದ್ದಾದರೆ 115ರಲ್ಲೇ ಇರುತ್ತದೆ. ಅದನ್ನು 230ಕ್ಕೆ ಬದಲಿಸಿ, ಫ್ಯೂಸನ್ನೂ ಅರ್ಧ ಕರೆಂಟಿನದಕ್ಕೆ ಇಳಿಸಿ. ಮೂರನೆಯ ಪಿನ್ ಕತ್ತರಿಸಿದ ವೈರ್ ಕಂಡರೆ ಅದನ್ನು ಕಸದ ಬುಟ್ಟಿಗೆ ಎಸೆಯಿರಿ. ಅರ್ಥಿಂಗ್ ಇಲ್ಲದ ಸ್ಕೋಪ್‌ನ ಇಡೀ ಲೋಹದ ಮೈ ಕರೆಂಟ್ ಹೊಡೆಯಬಹುದು. 'ಗ್ರೌಂಡ್ ತೇಲಿಸಿದರೆ (ಅರ್ಥಿಂಗ್ ಬಿಡಿಸಿದರೆ) ಅಳತೆ ಸುಲಭ' ಎನ್ನುವ ಮಹಾನುಭಾವರ ಮಾತು ಕೇಳಬೇಡಿ.

ಮೊದಲ ಸಲ ಆನ್ ಮಾಡುವಾಗ 100 ವ್ಯಾಟ್‌ನ ಹಳೆಯ ತಂತಿ ಬಲ್ಬನ್ನು ಸರಣಿಯಲ್ಲಿ ಜೋಡಿಸಿ. ಎಲ್‌ಇಡಿ ಬಲ್ಬ್ ಇದಕ್ಕೆ ಬಾರದು. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಸರಿ. ಪೂರ್ಣ ಪ್ರಕಾಶದಲ್ಲೇ ಉರಿಯುತ್ತಿದ್ದರೆ ಒಳಗೆಲ್ಲೋ ಶಾರ್ಟ್ ಇದೆ, ತಕ್ಷಣ ಆಫ್ ಮಾಡಿ. 465ರಲ್ಲಿರುವುದು ಸಾದಾ ಟ್ರಾನ್ಸ್‌ಫಾರ್ಮರ್ ಆದ್ದರಿಂದ ಈ ಉಪಾಯ ನಡೆಯುತ್ತದೆ.

ಬಲ್ಬ್ ಪರೀಕ್ಷೆ ಮುಗಿದ ಮೇಲೆ ನೇರ ಸಂಪರ್ಕದಲ್ಲಿ ಐದು ವೋಲ್ಟೇಜ್‌ಗಳನ್ನು ಅಳೆಯಿರಿ: −8, +5, +15, +55, +110. ಉಳಿದವು +55ನ್ನು ನಂಬಿಕೊಂಡಿವೆ, ಹಾಗಾಗಿ ಅದೇ ಮೊದಲು. ಮೀಟರನ್ನು ಎಸಿಗೆ ತಿರುಗಿಸಿ ರಿಪಲ್ (ಡಿಸಿಯ ಮೇಲೆ ಉಳಿದ ಎಸಿ ಏರಿಳಿತ) ಕೂಡ ನೋಡಿ. ಕೆಲವೇ ಮಿಲಿವೋಲ್ಟ್ ಇರಬೇಕು. ಎಲ್ಲವೂ ಮ್ಯಾನ್ಯುಯಲ್ ಹೇಳುವ ಮಿತಿಯೊಳಗಿದ್ದರೆ ಪವರ್ ಸಪ್ಲೈ ತಂಟೆಗೆ ಹೋಗಬೇಡಿ.

ಯಾವುದಾದರೊಂದು ಸೊನ್ನೆಯ ಹತ್ತಿರ ಬಿದ್ದಿದ್ದರೆ ಮೊದಲ ಅನುಮಾನ ಟ್ಯಾಂಟಲಮ್ ಕೆಪಾಸಿಟರ್ ಮೇಲಿರಲಿ. ಈ ಕಾಲದ ಟ್ಯಾಂಟಲಮ್‌ಗಳು ಸತ್ತರೆ ಹೆಚ್ಚಾಗಿ ಶಾರ್ಟ್ ಆಗಿಯೇ ಸಾಯುತ್ತವೆ. ಒಂದೇ ವೋಲ್ಟೇಜಿನ ಸಾಲಿನಲ್ಲಿ ಹತ್ತಾರು ಇದ್ದಾಗ ತಪ್ಪಿತಸ್ಥನನ್ನು ಹುಡುಕಲು ಒಂದೊಂದನ್ನೇ ಕೀಳಬೇಡಿ, ಹಳೆಯ ಬೋರ್ಡಿನ ತಾಮ್ರದ ಗೆರೆ ಎದ್ದು ಬರುತ್ತದೆ. ಪ್ಲಗ್ ತೆಗೆದು, ಚಾರ್ಜ್ ಇಳಿದಿದೆ ಎಂದು ಮೀಟರ್‌ನಲ್ಲಿ ಖಚಿತಪಡಿಸಿಕೊಂಡು, ಬೆಂಚ್ ಸಪ್ಲೈಯನ್ನು (ವೋಲ್ಟೇಜ್, ಕರೆಂಟ್ ಹೊಂದಿಸಬಹುದಾದ ಮೇಜಿನ ಪವರ್ ಸಪ್ಲೈ) ಅರ್ಧ ವೋಲ್ಟಿಗಿಂತ ಕಡಿಮೆ ಮತ್ತು 1 ಆಂಪಿಯರ್ ಮಿತಿಗೆ ಇಟ್ಟು ಆ ಸಾಲಿಗೆ ಕೊಡಿ. ಅಷ್ಟು ಕಡಿಮೆಯಲ್ಲಿ ಟ್ರಾನ್ಸಿಸ್ಟರುಗಳು ಏಳುವುದಿಲ್ಲ. ಕರೆಂಟ್ ಹರಿಯುವುದು ಶಾರ್ಟ್ ಆದ ದಾರಿಯಲ್ಲಿ ಮಾತ್ರ. ಮೀಟರ್‌ನ ಕಪ್ಪು ಮೊನೆ ಗ್ರೌಂಡಿನಲ್ಲಿರಲಿ. ಕೆಂಪು ಮೊನೆಯನ್ನು ತಾಮ್ರದ ಗೆರೆಯುದ್ದಕ್ಕೂ ಸರಿಸುತ್ತ ಹೋದಂತೆ ಮಿಲಿವೋಲ್ಟ್ ಇಳಿಯುತ್ತ ಬಂದು ಒಂದು ಕಡೆ ನಿಂತುಬಿಡುತ್ತದೆ, ಮುಂದೆ ಎಷ್ಟು ಸರಿಸಿದರೂ ಅಲುಗದು. ಇಳಿತ ನಿಂತ ಆ ಜಾಗದಲ್ಲಿರುವ ಕೆಪಾಸಿಟರೇ ಕಳ್ಳ. −8, +5, +15ರ ಸಾಲುಗಳಾದರೆ ಬದಲಿಗೆ 35 ವೋಲ್ಟಿನದನ್ನು +, − ನೋಡಿ ಹಾಕಿ.

ವೋಲ್ಟೇಜ್ ಎಲ್ಲ ಸರಿಯಿದ್ದೂ ಪರದೆ ಕತ್ತಲಾಗಿದ್ದರೆ ಇಂಟೆನ್ಸಿಟಿ ಏರಿಸಿ ಬೀಮ್ ಫೈಂಡ್ ಗುಂಡಿ ಒತ್ತಿ. ಚುಕ್ಕಿಯೋ ಕುಗ್ಗಿದ ಗೆರೆಯೋ ಕಂಡರೆ ಪರದೆಯ ಕೊಳವೆ ಜೀವಂತವಾಗಿದೆ, ಕಿರಣ ಪರದೆಯಾಚೆ ಸರಿದಿದೆ ಅಷ್ಟೆ. ಆಗಲೂ ಏನೂ ಕಾಣದಿದ್ದರೆ ದೋಷ ಹೈ ವೋಲ್ಟೇಜ್ ಭಾಗದಲ್ಲಿರಬಹುದು. ಅಲ್ಲಿ ಕೊಳವೆಯ ಕ್ಯಾಥೋಡ್ (ಕಿರಣ ಹೊರಡುವ ತುದಿ) −2450 ವೋಲ್ಟಿನಲ್ಲಿದೆ, ಸಾವಿರ ವೋಲ್ಟಿನ ಸಾದಾ ಮೀಟರ್‌ಗೆ ಅದು ಅಳತೆಯಲ್ಲ, ಆತ್ಮಹತ್ಯೆ. ಹೈ ವೋಲ್ಟೇಜ್ ಪ್ರೋಬ್ ಇಲ್ಲದವರು, ಜೊತೆಗೆ ಯಾರೂ ಇಲ್ಲದವರು ಇಲ್ಲಿಗೇ ನಿಲ್ಲಿಸಿ ಬಲ್ಲವರಿಗೆ ಕೊಡಿ.

ಗೆರೆ ನಡುಗುವುದು, ಒಂದು ರೇಂಜಿನಲ್ಲಿ ಮಾತ್ರ ಸಿಗ್ನಲ್ ಮಾಯವಾಗುವುದು ಬಹುತೇಕ ಸಂಪರ್ಕದ ಕಾಯಿಲೆ. ಪವರ್ ತೆಗೆದು ಸಾಕೆಟ್‌ನ ಟ್ರಾನ್ಸಿಸ್ಟರನ್ನು ಎಳೆದು ಮತ್ತೆ ಕೂರಿಸಿದರೆ ಕಾಲಿನ ಕಿಲುಬು ಉಜ್ಜಿಹೋಗಿ ಅರ್ಧ ತೊಂದರೆ ಕಳೆಯುತ್ತದೆ. ಅಟೆನ್ಯುಯೇಟರ್‌ನಲ್ಲಿ (ರೇಂಜಿಗೆ ತಕ್ಕಂತೆ ಸಿಗ್ನಲ್ ತಗ್ಗಿಸುವ ಭಾಗ) ಚಿನ್ನದ ಲೇಪದ ತೆಳು ಸಂಪರ್ಕ ಬೆರಳುಗಳಿವೆ. ಹತ್ತಿಯ ಎಳೆ ಅವಕ್ಕೆ ಸಿಕ್ಕಿಕೊಂಡರೆ ಬೆರಳೇ ಬಾಗುತ್ತದೆ. ವಿಸಿಟಿಂಗ್ ಕಾರ್ಡಿಗಿಂತ ತೆಳುವಾದ ಕಾಗದದ ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ನೆನೆಸಿ ಬೆರಳಿನ ಕೆಳಗೆ ತೂರಿಸಿ, ಮೆಲ್ಲಗೆ ಎಳೆಯಿರಿ. ಕಾಗದದ ಮೇಲೆ ಕಪ್ಪು ಗೆರೆ ಬರುವುದು ನಿಂತರೆ ಸಾಕು. ಸ್ಪ್ರೇ ಕ್ಲೀನರ್ ಅನ್ನು ಇದರ ಹತ್ತಿರವೂ ತರಬೇಡಿ.

ಇಷ್ಟಾದ ಮೇಲೆ ಮುಂಭಾಗದ ಕ್ಯಾಲಿಬ್ರೇಟರ್‌ನಿಂದ ಪರೀಕ್ಷಿಸಿ. ಅದು 1 ಕಿಲೋಹರ್ಟ್ಸ್‌ನ 300 ಮಿಲಿವೋಲ್ಟ್ ಚೌಕ ತರಂಗ ಕೊಡುತ್ತದೆ. 50 ಮಿಲಿವೋಲ್ಟ್ ರೇಂಜಿನಲ್ಲಿ ನೇರವಾಗಿ ಜೋಡಿಸಿದರೆ ಪರದೆಯ ಮೇಲೆ ಸರಿಯಾಗಿ ಆರು ಮನೆ (ಚೌಕ) ಎತ್ತರ ನಿಲ್ಲಬೇಕು. ನಿಲ್ಲದಿದ್ದರೆ ಮಾತ್ರ, ಅದೂ ಸ್ಕೋಪ್ ಇಪ್ಪತ್ತು ನಿಮಿಷ ಬಿಸಿಯಾದ ನಂತರ, ಮ್ಯಾನ್ಯುಯಲ್‌ನ ಕ್ರಮದಲ್ಲೇ ಟ್ರಿಮರ್‌ಗೆ ಕೈ ಹಾಕಿ. ತಿರುಗಿಸುವ ಮುನ್ನ ಪ್ರತಿ ಸ್ಕ್ರೂವಿನ ಸ್ಥಾನವನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ.