ನವಿಲುಕೋಸಿನ ಜಾಡು ಹಿಡಿದು ಹಳೆಯ ನೂಡಲ್ಸ್ ಗಾಡಿಗೆ

2003ರಿಂದ 2005ರವರೆಗೆ ಮಾನಸಗಂಗೋತ್ರಿಯಲ್ಲಿ ಓದುತ್ತಿದ್ದಾಗ, ಕೈಯಲ್ಲಿ ಕಾಸಿಲ್ಲದ ತಿಂಗಳ ಕೊನೆಯ ವಾರವೊಂದನ್ನು ಬಿಟ್ಟರೆ, ವಾರಕ್ಕೆ ಎರಡು ಸಂಜೆಯಾದರೂ ಬೋಗಾದಿ ರಸ್ತೆಯ ಬದಿಯ ಒಂದು ತಳ್ಳುಗಾಡಿಯ ಮುಂದೆ ನಿಂತು ನೂಡಲ್ಸ್ ತಿನ್ನುತ್ತಿದ್ದೆ. ಗಾಡಿಗೆ ಹೆಸರಿರಲಿಲ್ಲ. ನಡೆಸುತ್ತಿದ್ದವರನ್ನು ನಾವೆಲ್ಲ ‘ಅಣ್ಣ’ ಎಂದು ಕರೆಯುತ್ತಿದ್ದೆವೇ ಹೊರತು ಅವರ ಹೆಸರನ್ನು ಒಮ್ಮೆಯೂ ಕೇಳಿರಲಿಲ್ಲ. 2024ರ ಮಳೆಗಾಲದಲ್ಲಿ ವರ್ಗಾವಣೆಯ ಮೇಲೆ ಮತ್ತೆ ಮೈಸೂರಿಗೆ ಬಂದು, ಆ ಗಾಡಿಯನ್ನು ಹುಡುಕಲು ಹೊರಟಾಗ ಮೊದಲು ಅಡ್ಡ ಬಂದದ್ದು ಇದೇ.

ಹಳೆಯ ಜಾಗದಲ್ಲಿ ಗಾಡಿ ಇರಲಿಲ್ಲ. ಮೊಬೈಲಿನ ನಕ್ಷೆಯಲ್ಲಿ ಹುಡುಕಿದರೆ ಬೋರ್ಡು ಹಾಕಿಕೊಂಡ ಅಂಗಡಿಗಳು ಮಾತ್ರ ಸಿಕ್ಕವು. ಬೇರೆ ನೂಡಲ್ಸ್ ಗಾಡಿಯವರನ್ನು ವಿಚಾರಿಸಿದ್ದು ಶುದ್ಧ ದಡ್ಡತನ. ಕೈಗೆ ಬಂದ ಗಿರಾಕಿಗೆ ಇನ್ನೊಬ್ಬರ ಗಾಡಿಯ ದಾರಿ ತೋರಿಸುವ ವ್ಯಾಪಾರಿ ಎಲ್ಲಿಯೂ ಇರಲಾರ. “ಅವರು ಬಿಟ್ಟು ಬಹಳ ವರ್ಷ ಆಯ್ತು ಸಾರ್, ನಮ್ಮಲ್ಲೇ ತಿನ್ನಿ” ಎಂದವರ ಮಾತು ಕೇಳಿ ಅಲ್ಲಿಯೇ ತಿಂದೆ. ಎಳೆಗಳು ಮುದ್ದೆಗಟ್ಟಿದ್ದವು, ಸಾಸಿನ ಸಿಹಿ ನಾಲಿಗೆಗೆ ಅಂಟಿತ್ತು.

ಗಾಡಿ ಎಲ್ಲಿಯೇ ನಿಂತರೂ ಸಾಮಾನು ಕೊಳ್ಳಲೇಬೇಕಲ್ಲ ಎಂದು ಯೋಚಿಸಿ, ಮುಂದಿನ ಶನಿವಾರ ಸಂತೆಪೇಟೆಗೆ ಹೋಗಿ ನೂಡಲ್ಸ್, ಸೋಯಾ ಸಾಸ್, ವಿನಿಗರ್ ಮಾರುವ ಸಗಟು ಅಂಗಡಿಯೊಂದರಲ್ಲಿ ಕೇಳಿದೆ. ಗಲ್ಲಾದಲ್ಲಿ ಕುಳಿತವರು ತಲೆಯನ್ನೂ ಎತ್ತದೆ, “ಊರಿನ ಗಾಡಿಯವರೆಲ್ಲ ಇಲ್ಲಿಗೇ ಬರ್ತಾರೆ, ಯಾರಂತ ಹೇಳ್ಲಿ?” ಎಂದರು. ಅವರು ಹೇಳಿದ್ದು ಸರಿಯೇ. ಎಲ್ಲ ಗಾಡಿಯವರೂ ಕೊಳ್ಳುವ ಪದಾರ್ಥವನ್ನು ಹಿಡಿದು ಒಬ್ಬರನ್ನು ಗುರುತಿಸುವುದು ಹೇಗೆ? ಆ ಗಾಡಿಯವರು ಮಾತ್ರ ಕೊಳ್ಳುತ್ತಿದ್ದ ಪದಾರ್ಥ ಯಾವುದೆಂದು ನೆನಪಿಸಿಕೊಳ್ಳಬೇಕಿತ್ತು.

ಅದು ನವಿಲುಕೋಸು. ಉಳಿದವರು ಎಲೆಕೋಸು ಹಾಕುವ ಕಡೆ ಅಣ್ಣ ನವಿಲುಕೋಸಿನ ಸಿಪ್ಪೆ ಹೆರೆದು, ಬೆಂಕಿಕಡ್ಡಿಯಷ್ಟು ಸಣ್ಣಗೆ ಉದ್ದುದ್ದ ಹೆಚ್ಚಿ, ನೀರು ಚಿಮುಕಿಸಿದ ಬಟ್ಟೆಯ ಕೆಳಗೆ ಮುಚ್ಚಿಡುತ್ತಿದ್ದರು. ಎಲೆಕೋಸು ಬಾಣಲೆಯ ಕಾವಿಗೆ ಬೇಗ ಬಾಡಿ ನೀರು ಬಿಡುತ್ತದೆ. ನವಿಲುಕೋಸನ್ನು ಕೊನೆಯ ಅರೆ ನಿಮಿಷದಲ್ಲಿ ಹಾಕಿದರೆ ಹಲ್ಲಿಗೆ ಕಟುಂ ಎಂದು ಸಿಗುತ್ತದೆ. ಮನೆಯಲ್ಲಿ ಹುಳಿಗೂ ಸಾಗುವಿಗೂ ಬೀಳುವ ಈ ತರಕಾರಿಯನ್ನು ನೂಡಲ್ಸಿನಲ್ಲಿ ನಾನು ಬೇರೆಲ್ಲಿಯೂ ಕಂಡಿಲ್ಲ.

ಅಲ್ಲಿಂದ ಮುಂದೆ ತರಕಾರಿ ಅಂಗಡಿಗಳನ್ನು ಹಿಡಿದೆ. ಎಂ.ಜಿ. ರಸ್ತೆಯ ಮಾರುಕಟ್ಟೆಯ ಬೆಳಗಿನ ಗದ್ದಲದಲ್ಲಿ ನನ್ನ ಪ್ರಶ್ನೆಗೆ ಕಿವಿಗೊಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲವಾದ್ದರಿಂದ, ಸರಸ್ವತಿಪುರಂ ಮತ್ತು ಕುವೆಂಪುನಗರದ ಬೀದಿಬದಿ ಅಂಗಡಿಗಳಿಗೆ ವ್ಯಾಪಾರ ತೆಳುವಾಗುವ ಹನ್ನೊಂದು ಗಂಟೆಯ ಹೊತ್ತಿಗೆ ಹೋಗತೊಡಗಿದೆ. ಮೊದಲು ಏನಾದರೂ ಕೊಳ್ಳುತ್ತಿದ್ದೆ, ಆಮೇಲೆ ಕೇಳುತ್ತಿದ್ದೆ. ಎರಡು ಭಾನುವಾರ ಹೀಗೆ ಕಳೆದು, ಮನೆಯಲ್ಲಿ ತಿನ್ನುವವರಿಲ್ಲದಷ್ಟು ಬೀನ್ಸ್ ಸೇರಿಕೊಂಡಿತು. ಕುವೆಂಪುನಗರ ಕಾಂಪ್ಲೆಕ್ಸಿನಿಂದ ಸ್ವಲ್ಪ ದೂರದ ಒಂದು ಅಂಗಡಿಯಲ್ಲಿ, “ಅಕ್ಕಾ, ದಿನಾ ಮೂರು ನಾಲ್ಕು ಕೆಜಿ ನವಿಲುಕೋಸು ಒಟ್ಟಿಗೆ ತಗೊಳ್ಳೋರು ಯಾರಾದ್ರೂ ಇದ್ದಾರಾ?” ಎಂದು ಕೇಳಿದಾಗ ಅವರು ತಕ್ಕಡಿ ಕೆಳಗಿಟ್ಟು ನಕ್ಕರು. “ನೂಡಲ್ಸ್ ಗಾಡಿಯವ್ರಾ? ಹಿಂದಿನ ರಸ್ತೇಲಿ ಪಾರ್ಕ್ ಹತ್ರ ನಿಲ್ತಾರೆ. ಆರು ಗಂಟೆ ಮೇಲೆ ಹೋಗಿ.”

ಆರೂವರೆಗೆ ಹೋದಾಗ ಮೊದಲ ನೋಟಕ್ಕೆ ಬೇರೆ ಯಾರದೋ ಗಾಡಿ ಎನಿಸಿತು. ಭರ‍್ರೆನ್ನುತ್ತಿದ್ದ ಸೀಮೆಎಣ್ಣೆಯ ಪಂಪ್ ಸ್ಟವ್ ಹೋಗಿ ಗ್ಯಾಸ್ ಬಂದಿತ್ತು. ಕೆಂಪಗೆ ಹೊಳೆಯುತ್ತಿದ್ದ ಗೋಬಿ ಮಂಚೂರಿಯ ರಾಶಿ ಕಂದು ಬಣ್ಣಕ್ಕೆ ತಿರುಗಿತ್ತು. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿದ ಮೇಲೆ ಬ್ಯಾಡಗಿ ಮೆಣಸಿನಕಾಯಿಯನ್ನು ನೆನೆಸಿ ರುಬ್ಬಿ ಹಾಕುತ್ತಿದ್ದಾರಂತೆ. ಮೊದಲ ತಿಂಗಳು ಗಿರಾಕಿಗಳು ಹಳಸಿದ್ದೇ ಎಂದು ಕೇಳುತ್ತಿದ್ದರಂತೆ. ನನಗೇನೋ ಈ ಗೋಬಿಯೇ ಹೆಚ್ಚು ಹಿಡಿಸಿತು. ಆದರೆ ನೂಡಲ್ಸ್ ಬಾಯಿಗಿಟ್ಟ ಕೂಡಲೇ ಅನುಮಾನ ಉಳಿಯಲಿಲ್ಲ: ಬಿಡಿಬಿಡಿಯಾದ ಎಳೆ, ಮೂಗಿಗೆ ಏರುವ ಕಾಳುಮೆಣಸು, ನಡುವೆ ಆ ಕಟುಂ ಎನ್ನುವ ಕಡ್ಡಿ.

ಅವರಿಗೆ ನನ್ನ ಗುರುತು ಸಿಗಲಿಲ್ಲ. ಅದರಲ್ಲಿ ಆಶ್ಚರ್ಯವೂ ಇಲ್ಲ, ಹಾಸ್ಟೆಲಿನಿಂದ ನನ್ನಂಥವರು ದಿನಕ್ಕೆ ಐವತ್ತು ಮಂದಿ ಹೋಗುತ್ತಿದ್ದರು. 2020ರ ಮಾರ್ಚ್‌ನ ಲಾಕ್‌ಡೌನಿನಲ್ಲಿ ಗಾಡಿಗೆ ಟಾರ್ಪಾಲು ಹೊದಿಸಿ ಕೆ.ಆರ್.ಪೇಟೆ ಕಡೆಯ ತಮ್ಮ ಹಳ್ಳಿಗೆ ಹೋದವರು, ಬೀದಿ ವ್ಯಾಪಾರಿಗಳಿಗೆಂದು ಆ ವರ್ಷ ಆರಂಭವಾದ ಪಿಎಂ ಸ್ವನಿಧಿ ಯೋಜನೆಯಲ್ಲಿ 10,000 ರೂಪಾಯಿ ಸಾಲ ಪಡೆದು, ಬಾಡಿಗೆ ಮನೆಗೆ ಹತ್ತಿರವೆಂದು ಇಲ್ಲಿ ಗಾಡಿ ನಿಲ್ಲಿಸಿದರಂತೆ.

ಎಳೆ ಅಂಟದಿರುವ ಗುಟ್ಟನ್ನು ಕೇಳಿದೆ. ಮಧ್ಯಾಹ್ನ ಮನೆಯಲ್ಲಿಯೇ ನೂಡಲ್ಸನ್ನು ಮುಕ್ಕಾಲು ಬೇಯಿಸಿ, ಬಸಿದು, ತಣ್ಣೀರು ಹುಯ್ದು ಗಂಜಿಯ ಜಿಗುಟನ್ನು ತೊಳೆದು, ಎಣ್ಣೆ ಸವರಿ, ತೆಳುವಾದ ಪಂಚೆಯ ಮೇಲೆ ಎರಡು ಗಂಟೆ ಹರಡುತ್ತಾರೆ. ಮೇಲ್ಮೈ ಒಣಗಿದ ಎಳೆ ಬಾಣಲೆಯಲ್ಲಿ ಸಾಸನ್ನು ಮೈಗೆ ಬೇಕಾದಷ್ಟೇ ಹಚ್ಚಿಕೊಳ್ಳುತ್ತದೆ. ಮರುದಿನ ಮನೆಯಲ್ಲಿ ಹಾಗೆಯೇ ಮಾಡಿ ನೋಡಿದೆ. ನಾಲ್ಕು ಜನರದ್ದನ್ನು ಒಂದೇ ಬಾರಿ ಬಾಣಲೆಗೆ ಸುರಿದು ಕಾವು ಇಳಿದುಹೋಗಿ ಅರ್ಧ ಕೆಡಿಸಿದೆ, ಒಂದೊಂದೇ ತಟ್ಟೆಯಷ್ಟು ಹುರಿದ ಉಳಿದರ್ಧ ಪರವಾಗಿಲ್ಲ ಎನ್ನುವಂತಿತ್ತು.

ನವಿಲುಕೋಸು ಮಾತ್ರ ಇತ್ತೀಚೆಗೆ ಬರೀ ನಾರು ಎಂದು ಅಣ್ಣ ಗೊಣಗಿದ್ದರು. ಗಾಡಿ ಸಿಕ್ಕಿತೆಂದು ಹೇಳಲು ತರಕಾರಿ ಅಂಗಡಿಗೆ ಹೋದಾಗ ಈ ದೂರನ್ನೂ ಮುಟ್ಟಿಸಿದೆ. “ಏಳು ಗಂಟೆಗೆ ಬಂದ್ರೆ ಎಳೇದು ಸಿಗುತ್ತೆ” ಎಂದರು ಆಕೆ, ಸೊಪ್ಪಿನ ಕಟ್ಟುಗಳಿಗೆ ನೀರು ಚಿಮುಕಿಸುತ್ತ. “ಅವ್ರು ಎದ್ದೇಳೋದೇ ಹತ್ತು ಗಂಟೆಗೆ.”