ಒಂಟಿ ಜೇನಿಗೆ ವಾಟೆಯ ಮನೆ

ಹಿತ್ತಲ ಬಾಗಿಲಿಗೆ ಅಗುಳಿ ಹಾಕಲು ಹೋದರೆ ಅದು ಒಳಗೆ ಇಳಿಯಲೇ ಇಲ್ಲ. ಚೌಕಟ್ಟಿನ ತೂತಿನಲ್ಲಿ ಏನೋ ತುಂಬಿತ್ತು. ತಂತಿ ಹಾಕಿ ಎಳೆದೆ. ಬೀಡಿಯ ಹಾಗೆ ಸುತ್ತಿದ ಹಸಿರೆಲೆಯ ಸುರುಳಿಗಳು ಬಂದವು. ಒಂದನ್ನು ಬಿಡಿಸಿದರೆ ಒಳಗೆ ಹಳದಿ ಪರಾಗದ ಮುದ್ದೆ, ಅದರ ಮೇಲೆ ಅಕ್ಕಿನುಚ್ಚಿನಷ್ಟು ಬಿಳಿ ಮೊಟ್ಟೆ. ಅಂಗಳದ ಗುಲಾಬಿ ಎಲೆಗಳ ಅಂಚನ್ನು ದುಂಡಗೆ ಕತ್ತರಿಸಿಕೊಂಡು ಹೋಗುತ್ತಿದ್ದವರು ಯಾರು ಅಂತ ಆಗ ಗೊತ್ತಾಯಿತು. ಹುಳ ಬಿದ್ದಿದೆ ಅಂತ ಆ ಗಿಡಕ್ಕೆ ಔಷಧಿ ಹೊಡೆಯುವ ಯೋಚನೆಯಲ್ಲಿದ್ದೆ. ಬಿಡಿಸಿದ ಸುರುಳಿಯನ್ನು ಮತ್ತೆ ಸುತ್ತಲು ನೋಡಿದೆ, ಆಗಲಿಲ್ಲ. ಆ ದಿನವೆಲ್ಲ ಮನಸ್ಸಿಗೆ ಕಸಿವಿಸಿ.

ನಮ್ಮ ಮಲೆನಾಡಿನ ಸಾಗರದ ಕಡೆ ಜೇನು ಅಂದರೆ ತುಡುವೆ, ಹೆಜ್ಜೇನು, ಕೋಲುಜೇನು, ಮಿಸ್ರಿ. ಎಲೆ ಕತ್ತರಿಸುವ ಈ ಜೇನು ಒಂಟಿ ಜೇನು, ಇದಕ್ಕೆ ರಾಣಿ ಇಲ್ಲ, ಆಳುಗಳಿಲ್ಲ. ಒಂದೇ ಹೆಣ್ಣು ತೂತು ಹುಡುಕುತ್ತದೆ, ಎಲೆ ತರುತ್ತದೆ, ಹೊಟ್ಟೆಯ ಅಡಿಯ ಕೂದಲಿಗೆ ಪರಾಗ ಮೆತ್ತಿಕೊಂಡು ಬರುತ್ತದೆ, ಮೊಟ್ಟೆಯಿಟ್ಟು ಬಾಗಿಲು ಮುಚ್ಚುತ್ತದೆ. ಕಾಯಲು ತುಪ್ಪವಿಲ್ಲ, ಹಾಗಾಗಿ ಕಚ್ಚಲು ಬರುವುದೂ ಇಲ್ಲ. ನಾನು ಒಂದು ಗೇಣು ದೂರದಲ್ಲಿ ಮುಖವಿಟ್ಟು ಕೂತು ನೋಡಿದ್ದೇನೆ.

ಇವು ಗೂಡು ಕಟ್ಟಲಿ ಅಂತ ಮೊದಲ ವರ್ಷ ಕೊಳವೆಗಳಿರುವ ಒಂದು ರೆಡಿಮೇಡ್ ಮನೆ ತರಿಸಿದೆ. ನೋಡಲು ಚೆಂದ. ಆದರೆ ಕೊಳವೆಗಳು ಎರಡೂವರೆ ಇಂಚು ಉದ್ದ, ಹಿಂದೆ ಮುಂದೆ ಎರಡೂ ಕಡೆ ಬಾಯಿ. ಬೆಳಕು ಆಚೆಯಿಂದ ಈಚೆಗೆ ಬರುವ ಕೊಳವೆಯನ್ನು ಒಂಟಿ ಜೇನು ಇಷ್ಟಪಡುವುದಿಲ್ಲ. ಉದ್ದವೂ ಮುಖ್ಯ. ತಾಯಿ ಹೆಣ್ಣುಮರಿಯ ಮೊಟ್ಟೆಯನ್ನು ಹಿಂಭಾಗದಲ್ಲಿ, ಗಂಡಿನ ಮೊಟ್ಟೆಯನ್ನು ಬಾಗಿಲ ಹತ್ತಿರ ಇಡುತ್ತದೆ. ಗಂಡುಗಳು ಮೊದಲು ಹೊರಬರಬೇಕಲ್ವಾ, ಅದಕ್ಕೆ. ಕೊಳವೆ ಗಿಡ್ಡವಾದರೆ ಬರೀ ಗಂಡುಗಳೇ ಜಾಸ್ತಿ. ನನ್ನ ಆ ಮನೆಗೆ ಒಂದು ಜೇಡ ಬಂತು, ಅಷ್ಟೇ.

ಎರಡನೇ ವರ್ಷ ನಾನೇ ಮಾಡಿದೆ. ಹೊಳೆಬದಿಯಿಂದ ಒಣಗಿದ ವಾಟೆ, ಅಂದರೆ ಒಳಗೆ ಟೊಳ್ಳಿರುವ ಸಣ್ಣ ಬಿದಿರು, ತಂದೆ. ಗಂಟಿನ ಹಿಂದೆಯೇ ಕೊಯ್ದರೆ ಗಂಟೇ ಹಿಂದಿನ ಗೋಡೆ. ಉದ್ದ 15ರಿಂದ 18 ಸೆಂ.ಮೀ., ತೂತಿನ ಅಗಲ 4ರಿಂದ 10 ಮಿ.ಮೀ. ಬೇರೆ ಬೇರೆ ಅಗಲ ಬೇಕು. ಎಲೆ ಜೇನಿಗೆ ಹಿಡಿಸಿದ್ದು ಪೆನ್ಸಿಲ್ ಸಲೀಸಾಗಿ ಹೋಗುವಂಥವು. ಕೊಯ್ಯಲು ಹ್ಯಾಕ್ಸಾ ಬ್ಲೇಡೇ ಒಳ್ಳೆಯದು, ಕತ್ತಿ ಹಾಕಿದರೆ ವಾಟೆ ಸೀಳುತ್ತದೆ. ಬಾಯಿಯನ್ನು ಮರಳುಕಾಗದದಲ್ಲಿ ಉಜ್ಜಿ ನುಣುಪು ಮಾಡಲೇಬೇಕು. ಸಿಬಿರು ಉಳಿದರೆ ರೆಕ್ಕೆ ಹರಿಯುತ್ತದೆ. ಇದೊಂದು ಕೆಲಸಕ್ಕೇ ಎರಡು ಸಂಜೆ ಬೇಕಾಯಿತು. ಹಳೆಯ ಹಲಸಿನ ಹಲಗೆಯ ಪೆಟ್ಟಿಗೆಗೆ 40 ವಾಟೆಗಳನ್ನು ಅಲುಗದ ಹಾಗೆ ತುಂಬಿದೆ. ಬಣ್ಣ, ವಾರ್ನಿಷ್ ಏನೂ ಹಚ್ಚಲಿಲ್ಲ.

ಪೆಟ್ಟಿಗೆಯನ್ನು ಪೇರಲೆ ಮರಕ್ಕೆ ತೂಗುಹಾಕಿದ್ದು ತಪ್ಪಾಯಿತು. ಗಾಳಿಗೆ ತೂಗುವ ಮನೆ ಅವುಗಳಿಗೆ ಬೇಡ. ಪೂರ್ವಕ್ಕೆ ಮುಖ ಮಾಡಿ, ನನ್ನ ಎದೆಯೆತ್ತರಕ್ಕೆ, ಕಂಬಕ್ಕೆ ಗಟ್ಟಿಯಾಗಿ ಮೊಳೆ ಹೊಡೆದು ನಿಲ್ಲಿಸಿದ ಮೇಲೆ ಜನವರಿಯಲ್ಲಿ ಮೊದಲ ಬಾಗಿಲು ಮುಚ್ಚಿತು. ಹಸಿರೆಲೆಯ ದುಂಡು ಚೂರುಗಳನ್ನು ಒಂದರ ಮೇಲೊಂದು ಒತ್ತಿ ಮಾಡಿದ ಬಾಗಿಲು. ಮನೆಯವರನ್ನೆಲ್ಲ ಕರೆದು ತೋರಿಸಿದೆ. ಕಂಬಕ್ಕೆ ಇರುವೆ ಹತ್ತದಂತೆ ಗ್ರೀಸು ಹಚ್ಚಿದ ಬಟ್ಟೆ ಸುತ್ತಿದೆ.

ಆಮೇಲೆ ಮಳೆಗಾಲ ಬಂತು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ವಾಟೆ ಒಣಗುವುದೆಲ್ಲಿ? ಮೇಲೆ ಅಡಿಕೆ ಹಾಳೆ ಹೊದಿಸಿದ್ದೆ, ಎರಚಲಿಗೆ ಅದು ಸಾಲಲಿಲ್ಲ. ಮುಚ್ಚಿದ್ದ 9 ಕೊಳವೆಗಳಲ್ಲಿ 6ಕ್ಕೆ ಬೂಷ್ಟು ಹಿಡಿಯಿತು. ಒಳಗಿದ್ದ ಮರಿಗಳೆಲ್ಲ ಹೋದವು. ಬೇರೆ ಊರಿನವರು ಹೇಳಿಕೊಟ್ಟ ಕ್ರಮವನ್ನು ಮಲೆನಾಡಿನಲ್ಲಿ ಹಾಗೇ ಮಾಡಬಾರದು ಅಂತ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಆಗ. ಈಗ ಮೇ ಕೊನೆಗೆ, ಮೊದಲ ದೊಡ್ಡ ಮಳೆಗೆ ಮುಂಚೆ, ಪೆಟ್ಟಿಗೆಯನ್ನು ಅಲುಗಿಸದೆ, ಓರೆ ಮಾಡದೆ ಕೊಟ್ಟಿಗೆಯ ಮಾಡಿನ ಕೆಳಗೆ ತಂದಿಡುತ್ತೇನೆ. ಗಾಳಿ ಆಡುತ್ತದೆ, ಎರಚಲು ತಾಗುವುದಿಲ್ಲ. ಕತ್ತಲಾದ ಮೇಲೆ ಸಾಗಿಸಬೇಕು. ಹಗಲಲ್ಲಿ ಸಾಗಿಸಿದರೆ ಹೊರಗೆ ಹೋದ ತಾಯಿ ಖಾಲಿ ಕಂಬದ ಸುತ್ತ ಸುತ್ತುತ್ತಲೇ ಇರುತ್ತದೆ.

ಹಳೆಯ ವಾಟೆಯನ್ನು ಮತ್ತೆ ಮತ್ತೆ ಇಟ್ಟರೆ ನುಸಿ, ಪರಾವಲಂಬಿ ಕಣಜಗಳು ತುಂಬುತ್ತವೆ. ಅದಕ್ಕೆ ಹಳೆಯವನ್ನು ಮುಚ್ಚಳದ ಡಬ್ಬದಲ್ಲಿಟ್ಟು ಒಂದೇ ಒಂದು ಸಣ್ಣ ತೂತು ಬಿಡುತ್ತೇನೆ. ಬೆಳಕು ನೋಡಿಕೊಂಡು ಮರಿಗಳು ಹೊರಬರುತ್ತವೆ. ಪಕ್ಕದಲ್ಲಿ ಹೊಸ ವಾಟೆ ಕಾದಿರುತ್ತದೆ. ಎಲ್ಲ ಹೊರಬಂದ ಮೇಲೆ ಹಳೆಯದನ್ನು ಒಲೆಗೆ ಹಾಕುತ್ತೇನೆ.

ನೀಲಿ ಪಟ್ಟೆಯ ಜೇನಿಗೆ ಮಾತ್ರ ವಾಟೆ ಬೇಡ, ಮಣ್ಣೇ ಬೇಕು. ಬದನೆ ಹೂವನ್ನು ತಬ್ಬಿ ಜುಂಯ್ ಅಂತ ಮೈ ನಡುಗಿಸಿ ಪರಾಗ ಉದುರಿಸುವುದು ಇದೇ. ತುಡುವೆಗೆ ಆ ವಿದ್ಯೆ ಬರುವುದಿಲ್ಲ. ಹುತ್ತದ ಮಣ್ಣು ಕಲಸಿ ಒಂದು ಇಟ್ಟಿಗೆ ಮಾಡಿದೆ. ಒಣಗಿ ಕಲ್ಲಾಯಿತು, ಯಾವುದೂ ಬರಲಿಲ್ಲ. ಮರಳು ಜಾಸ್ತಿ ಹಾಕಿ, ಉಗುರಿನಲ್ಲಿ ಕೆರೆದರೆ ಉದುರುವಷ್ಟು ಮೆತ್ತಗೆ ಮಾಡಿ, ಬೆರಳು ಗಾತ್ರದ ನಾಲ್ಕು ಗುಳಿ ಒತ್ತಿ ಜಗುಲಿಯ ಕಟ್ಟೆಗಿಟ್ಟೆ. ಎರಡು ಗುಳಿಗಳ ಒಳಗಿನಿಂದ ಅವೇ ಮುಂದೆ ಕೊರೆದುಕೊಂಡವು. ಅವುಗಳ ಹಿಂದೆಯೇ ನೀಲಿ ಚುಕ್ಕೆಯ ಕೋಗಿಲೆ ಜೇನೂ ಬಂತು. ಅದು ಗೂಡು ಕಟ್ಟುವುದಿಲ್ಲ, ಇವುಗಳ ಗೂಡಿಗೇ ಕದ್ದು ಮೊಟ್ಟೆ ಇಡುತ್ತದೆ. ಓಡಿಸಬೇಕು ಅನ್ನಿಸಿತು, ಓಡಿಸಲಿಲ್ಲ. ಅದೂ ಇಲ್ಲಿಯದೇ ತಾನೇ.

ಸುತ್ತ ಹೂವಿಲ್ಲದಿದ್ದರೆ ಪೆಟ್ಟಿಗೆ ಸುಮ್ನೆ ಅಲಂಕಾರ. ಬೇಲಿಗುಂಟ ತೊಗರಿ, ಖಾಲಿ ಜಾಗದಲ್ಲಿ ಅಪ್ಸೆಣಬು ಹಾಕಿದ್ದೇನೆ. ತುಳಸಿ, ತುಂಬೆ ಕೀಳುವುದಿಲ್ಲ. ಗುಲಾಬಿಗೆ ಔಷಧಿ ಪೂರ್ತಿ ನಿಲ್ಲಿಸಿದೆ. ಎಲೆಗಳಲ್ಲಿ ತೂತುಗಳಿವೆ, ಹೂವೇನೂ ಕಡಿಮೆಯಾಗಿಲ್ಲ.

ಈ ವರ್ಷ 17 ವಾಟೆಗಳು ಮುಚ್ಚಿವೆ. ಹೆಚ್ಚಿನವು ಎಲೆಯ ಬಾಗಿಲು, ನಾಲ್ಕು ಮಣ್ಣಿನವು, ಒಂದರಿಂದ ಒಣಹುಲ್ಲಿನ ಎಳೆಗಳು ಹೊರಗೆ ಇಣುಕುತ್ತಿವೆ. ಹುಲ್ಲು ತುರುಕಿದ್ದು ಕಣಜ. ಸಂಜೆ ಟಾರ್ಚ್ ಹಿಡಿದು ಹೋದರೆ ತುಳಸಿಯ ಒಣ ಕಡ್ಡಿಗಳಲ್ಲಿ ನೀಲಿ ಪಟ್ಟೆಯ ಗಂಡುಗಳು ಸಾಲಾಗಿ, ಬಾಯಲ್ಲಿ ಕಡ್ಡಿ ಕಚ್ಚಿಕೊಂಡು, ಹಾಗೇ ನಿದ್ದೆ ಹೋಗಿರುತ್ತವೆ. ನಿನ್ನೆ ಎಣಿಸಿದೆ, 11 ಇದ್ದವು.